ಹೆಸರು ಸ್ಕ್ರಮ್, ನಡೆಯುವುದು ವಾಟರ್‌ಫಾಲ್

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ, ವೈಟ್‌ಫೀಲ್ಡ್, ಮಾನ್ಯತಾ, ಎಲೆಕ್ಟ್ರಾನಿಕ್ ಸಿಟಿ, ಎಲ್ಲಿ ಬೇಕಾದರೂ ಕೇಳಿ ನೋಡಿ. 'ನಮ್ಮದು ಅಜೈಲ್' ಅನ್ನುತ್ತಾರೆ, ಅಂದರೆ ಚಿಕ್ಕ ಚಿಕ್ಕ ಕಂತುಗಳಲ್ಲಿ ಕಟ್ಟಿ, ತೋರಿಸಿ, ತಿದ್ದಿಕೊಳ್ಳುತ್ತ ಹೋಗುವ ರೀತಿ. ಸ್ಕ್ರಮ್ ಅದರದೇ ಒಂದು ಪದ್ಧತಿ. ಕೆಲಸಗಳನ್ನು ಟಿಕೆಟ್‌ಗಳಾಗಿ ಬರೆದಿಡುವ ಜಿರಾ ಬೋರ್ಡ್ ತೆರೆದರೆ ಬೇರೆಯೇ ಕಾಣುತ್ತದೆ. 'ಡನ್' ಕಾಲಮ್ಮಿನಲ್ಲಿ ಕೂತ ಟಿಕೆಟ್‌ಗೆ ಟೆಸ್ಟಿಂಗ್‌ನದೇ ಇನ್ನೊಂದು ಟಿಕೆಟ್, ಅದೂ ಮುಂದಿನ ಸ್ಪ್ರಿಂಟ್‌ನಲ್ಲಿ, ಅಂದರೆ ಮುಂದಿನ ಎರಡು ವಾರದ ಕಂತಿನಲ್ಲಿ. ಟೆಸ್ಟ್ ಆಗದೆ ಡನ್ ಹೇಗಾಯಿತು? ಫೀಚರ್ ಪಟ್ಟಿ, ರಿಲೀಸ್ ತಾರೀಖು ಎರಡೂ ಕ್ಲೈಂಟ್ ಜೊತೆ ಎಂದೋ ಗಟ್ಟಿಯಾಗಿರುತ್ತವೆ. ಒಂದು ಹಂತ ಮುಗಿಸಿಯೇ ಮುಂದಿನದಕ್ಕೆ ಇಳಿಯುವ ಕ್ರಮಕ್ಕೆ ವಾಟರ್‌ಫಾಲ್ ಅನ್ನುತ್ತಾರೆ. ಇದು ಅದನ್ನೇ ಎರಡೆರಡು ವಾರದ ತುಂಡು ಮಾಡಿದ್ದು, ಅಷ್ಟೇ.

ವಾಟರ್‌ಫಾಲ್ ಅಂದರೆ ಬೈಗುಳವೇನಲ್ಲ. 1970ರಲ್ಲಿ ಸಾಫ್ಟ್‌ವೇರ್ ತಜ್ಞ ವಿನ್‌ಸ್ಟನ್ ರಾಯ್ಸ್ ಒಂದು ಪ್ರಬಂಧದಲ್ಲಿ ಈ ಹಂತಗಳನ್ನು ಮೆಟ್ಟಿಲುಗಳಂತೆ ಚಿತ್ರ ಬರೆದು ತೋರಿಸಿದರು. ಟೆಸ್ಟಿಂಗ್ ಕೊನೆಗೆ ಉಳಿದರೆ ಅಪಾಯ, ಆಗ ಡಿಸೈನನ್ನೇ ಬದಲಿಸಬೇಕಾದೀತು ಅಂತ ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಹೊಸ ತರಹದ ಕೆಲಸವಾದರೆ ಮೊದಲು ಚಿಕ್ಕದಾಗಿ ಒಂದು ಸಲ ಕಟ್ಟಿ ನೋಡಿ ಅಂತಲೂ ಹೇಳಿದ್ದರು. ಜನ ಚಿತ್ರ ಇಟ್ಟುಕೊಂಡು ಮಾತು ಬಿಟ್ಟರು.

ಕೆಲಸ ಮಾಡುವ ಮಾಡೆಲ್ ಆರಿಸುವಾಗ ನಾನು ಕೇಳುವುದು ಎರಡೇ. ತಡವಾಗಿ ಬದಲಾವಣೆ ಬಂದರೆ ಎಷ್ಟು ದುಬಾರಿ? ಬಳಸುವವರು ಎಷ್ಟು ಬೇಗ ಕೈಗೆ ಸಿಗುತ್ತಾರೆ? ಕಾರಿನ ಬ್ರೇಕ್ ಕಂಟ್ರೋಲರ್‌ಗೆ ಐಎಸ್‌ಒ 26262 ಎಂಬ ಸುರಕ್ಷತಾ ಮಾನದಂಡ ಇದೆ. ಪ್ರತಿ ರಿಕ್ವೈರ್‌ಮೆಂಟ್‌ಗೂ ಅದರ ಟೆಸ್ಟ್ ಯಾವುದು ಅಂತ ತೋರಿಸಬೇಕು. ಅಲ್ಲಿ ಪ್ರತಿ ಹಂತಕ್ಕೂ ಜೋಡಿಯಾಗಿ ಒಂದು ಟೆಸ್ಟ್ ಹಂತ ಇಡುವ ವಿ-ಮಾಡೆಲ್ ಸರಿ. ಗ್ರಾಹಕರಿಗೆ ಏನು ಹಿಡಿಸುತ್ತದೋ ಗೊತ್ತಿಲ್ಲದ ಆ್ಯಪ್‌ಗೆ ಸ್ಕ್ರಮ್. ಚಾಲ್ತಿಯಲ್ಲಿರುವ ಸಿಸ್ಟಮ್ ನೋಡಿಕೊಳ್ಳುವ ಪ್ರೊಡಕ್ಷನ್ ಸಪೋರ್ಟ್ ಟೀಮ್‌ಗೆ ಸ್ಪ್ರಿಂಟ್ ಹೇರುವುದು ಸುಮ್ನೆ ತಲೆನೋವು. ನಾಳೆ ಯಾವ ಸರ್ವರ್ ಬೀಳುತ್ತೆ ಅಂತ ಪ್ಲಾನ್ ಮಾಡೋಕಾಗಲ್ಲ ಅಲ್ವಾ? ಅವರಿಗೆ, ಬಂದ ಕೆಲಸವನ್ನು ಬೋರ್ಡಿನ ಮೇಲಿಂದ ಒಂದೊಂದಾಗಿ ಎಳೆದುಕೊಳ್ಳುವ ಕಾನ್‌ಬಾನ್ ಕೊಡಿ, ಒಟ್ಟಿಗೆ ಎಷ್ಟು ಟಿಕೆಟ್ ಕೈಯಲ್ಲಿರಬಹುದು ಅನ್ನುವ ಮಿತಿಯ ಸಮೇತ. ಆ ಮಿತಿ ಇಲ್ಲದಿದ್ದರೆ ಅದು ಬರೀ ಬಣ್ಣದ ಬೋರ್ಡು.

ಆರಿಸಿದ್ದನ್ನು ನೆಟ್ಟಗೆ ಪಾಲಿಸುವುದೇ ಕಷ್ಟ. ಸ್ಕ್ರಮ್ ಗೈಡ್ ಪ್ರಕಾರ ದಿನದ ಭೇಟಿ 15 ನಿಮಿಷ, ಅದೂ ಡೆವಲಪರ್‌ಗಳು ಆ ದಿನದ ಕೆಲಸ ಹೊಂದಿಸಿಕೊಳ್ಳುವುದಕ್ಕೆ. ನಮ್ಮಲ್ಲಿ ಅದು ಮ್ಯಾನೇಜರ್ ಮುಂದೆ ಹಾಜರಿ. ಒಬ್ಬರು 'ನಿನ್ನೆ ಎಪಿಐ ಮಾಡಿದೆ, ಇವತ್ತೂ ಎಪಿಐ' ಅನ್ನುತ್ತಾರೆ, ಉಳಿದವರು ಮ್ಯೂಟ್‌ನಲ್ಲಿ ಮೇಲ್ ನೋಡುತ್ತಿರುತ್ತಾರೆ. ಆ ಎಪಿಐಗೆ, ಅಂದರೆ ಎರಡು ಸಾಫ್ಟ್‌ವೇರ್ ಮಾತಾಡಿಕೊಳ್ಳುವ ಕೊಂಡಿಗೆ, ಬೇಕಾದ ಡೇಟಾಬೇಸ್ ಪರ್ಮಿಷನ್ ಸಿಕ್ಕೇ ಇಲ್ಲ ಅನ್ನುವ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಬಂದರೆ ಸ್ಟೇಟಸ್ ಕೆಂಪಾಗುತ್ತದಲ್ಲ!

ಇದಕ್ಕಿಂತ ಜಾಸ್ತಿ ನಷ್ಟ, ಸ್ಪ್ರಿಂಟ್ ಕೊನೆಗೆ ಆದ ಕೆಲಸ ತೋರಿಸುವ ಸ್ಪ್ರಿಂಟ್ ರಿವ್ಯೂದಲ್ಲಿ. ಟೀಮೇ ಟೀಮಿಗೆ ಡೆಮೊ ಕೊಟ್ಟು ಚಪ್ಪಾಳೆ ತಟ್ಟಿಕೊಂಡರೆ, ತಪ್ಪು ದಾರಿಯಲ್ಲಿದ್ದೇವೆ ಅಂತ ಹೇಳುವವರು ಯಾರು? ಬಿಲ್ಲಿಂಗ್ ಸಾಫ್ಟ್‌ವೇರ್ ಆದರೆ ದಿನಾ ಬಿಲ್ ಹಾಕುವವರೊಬ್ಬರನ್ನು ಕೂರಿಸಿ, ಮೌಸ್ ಅವರ ಕೈಗೆ ಕೊಡಿ. ಅವರು ತಡಕಾಡುವ ಜಾಗವೇ ಮುಂದಿನ ಸ್ಪ್ರಿಂಟ್‌ನ ಕೆಲಸ.

ಕಾಂಟ್ರ್ಯಾಕ್ಟ್ ಫಿಕ್ಸೆಡ್ ಪ್ರೈಸ್, ಒಂದು ಫೀಚರ್ ಬದಲಿಸಲೂ ಕ್ಲೈಂಟ್ ಒಪ್ಪಲ್ಲ ಅಂದರೆ? ಸ್ಕ್ರಮ್ ಬೋರ್ಡ್ ಹಾಕಬೇಡಿ. ವಾಟರ್‌ಫಾಲ್ ಅಂತಲೇ ಕರೆದು, ರಾಯ್ಸ್ ಹೇಳಿದ ಆ ಚಿಕ್ಕ ಮಾದರಿಗೆ ಎಸ್ಟಿಮೇಟ್‌ನಲ್ಲೇ ಹಣ ಕೇಳಿ.