ಕಂಪಾಸ್ ಬಾಕ್ಸಿನಲ್ಲಿ ಸಿಕ್ಕ ಗುಳಿಗೆ

ಅವ್ವ ಸೆರಗಿನ ಗಂಟು ಬಿಚ್ಚಿ ನನ್ನ ಟೇಬಲ್ ಮೇಲೆ ಒಂದು ಗುಳಿಗೆ ಪಟ್ಟಿ ಇಟ್ಟರು. ಗರ್ಭನಿರೋಧಕ ಗುಳಿಗೆ. 21ರಲ್ಲಿ 9 ಖಾಲಿ.

"ಮಗನ ಹಳೇ ಕಂಪಾಸ್ ಬಾಕ್ಸ್‌ನ್ಯಾಗ ಸಿಕ್ತ್ರಿ ಡಾಕ್ಟ್ರ. ಯಾವ ಹುಡುಗಿಗಿ ಏನ್ ಮಾಡ್ಯಾನೋ ಅಂತ ಜೀವಾನ ಹೋತ್ರಿ."

ಪಕ್ಕದಲ್ಲಿ ಕೂತ 17ರ ಮಗು ತಲೆ ಎತ್ತಲಿಲ್ಲ. ಯಾವ ಹುಡುಗಿಯೂ ಇರಲಿಲ್ಲ. ಆ ಗುಳಿಗೆ ನುಂಗುತ್ತಿದ್ದದ್ದು ಆ ಮಗುವೇ. ಹುಡುಗನಾಗಿ ಹುಟ್ಟಿದರೂ ಒಳಗೆ ತಾನು ಹುಡುಗಿ ಅನ್ನಿಸುತ್ತಿತ್ತು, ಮೈಯೂ ಹಾಗೇ ಆಗಲಿ ಅಂತ ನುಂಗಿದ್ದು.

ನಾನು ಬಾಗಲಕೋಟೆಯ ನವನಗರದಲ್ಲಿ ಮನೋವೈದ್ಯ. ಗುರುತು ಸಿಗದಿರಲಿ ಅಂತ ವಿವರಗಳನ್ನು ಬದಲಿಸಿದ್ದೇನೆ. ಅಪ್ಪ ಮಗ್ಗದ ಕೆಲಸದವರು. ಅವರ ಸಿಟ್ಟೆಲ್ಲ ಫೋನಿನ ಮೇಲಿತ್ತು. "ಅದರಾಗ ಯಾವುದೋ ಗ್ರೂಪ್ ಐತ್ರಿ. ಹುಡುಗನ ತಲಿ ಕೆಡಿಸ್ಯಾರ. ನಿನ್ನೆ ಫೋನ್ ಒಡದ್ ಹಾಕೇನಿ" ಅಂದರು.

ಇದೇ ಮಾತನ್ನು ನಾನು ವಾರ ಬಿಟ್ಟು ವಾರ ಕೇಳುತ್ತೇನೆ. ಫೋನಿನಿಂದ ಬಂತು, ಫೋನ್ ಹೋದರೆ ಇದೂ ಹೋಗುತ್ತದೆ. ತಂದೆತಾಯಿಯ ಭಯ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಭಾಗದವರಿಗೆ ಇದು ಹೊಸದಲ್ಲ, ಅಲ್ವಾ? ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೋದವರೆಲ್ಲ ಜೋಗಪ್ಪಗಳನ್ನು ನೋಡಿದ್ದಾರೆ. ಗಂಡಾಗಿ ಹುಟ್ಟಿದರೂ ಸೀರೆ ಉಟ್ಟು, ಕೊಡ ಹೊತ್ತು, ಚೌಡಿಕೆ ಬಾರಿಸುತ್ತ ಬರುವವರು. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಆ ಪರಂಪರೆ ಬೆಳೆದ ಕಾಲಕ್ಕೆ ಫೋನೂ ಇರಲಿಲ್ಲ, ಕರೆಂಟೂ ಇರಲಿಲ್ಲ.

ಮಗುವಿನ ಜೊತೆ ಒಬ್ಬನೇ ಮಾತಾಡಿದೆ. ಮೊದಲ ಮುಕ್ಕಾಲು ತಾಸು ಆ ಮಗು ಗ್ರೂಪಿನ ಸುದ್ದಿಯೇ ಎತ್ತಲಿಲ್ಲ. ಹೇಳಿದ್ದೆಲ್ಲ ಹಳೆಯದು. ಆರು ವರ್ಷದವರಿದ್ದಾಗ ಅಕ್ಕನ ಖಣದ ಲಂಗ ಹಾಕಿಕೊಂಡು ಏಟು ತಿಂದದ್ದು. ಎಂಟನೇ ತರಗತಿಯಲ್ಲಿ ಧ್ವನಿ ಒಡೆದಾಗ ತಿಂಗಳುಗಟ್ಟಲೆ ಮಾತು ಬಿಟ್ಟದ್ದು. ಫೋನ್ ಕೈಗೆ ಬಂದದ್ದು ಹತ್ತನೇ ತರಗತಿಯಲ್ಲಿ. ಅಂದರೆ ಸಂಕಟ ಮೊದಲು, ಫೋನ್ ಆಮೇಲೆ. ಫೋನ್ ಕೊಟ್ಟದ್ದು ಆ ಸಂಕಟಕ್ಕೆ ಒಂದು ಹೆಸರು ಮತ್ತು ರಾತ್ರಿ ಎರಡು ಗಂಟೆಗೆ "ಊಟ ಮಾಡಿದ್ಯಾ ಅಕ್ಕಾ" ಅಂತ ಕೇಳುವ ನಾಲ್ಕು ಜನ. ಆ ನಾಲ್ಕು ಜನ ಇಲ್ಲದಿದ್ದರೆ ಈ ಮಗು ನನ್ನ ಮುಂದೆ ಜೀವಂತ ಕೂತಿರುತ್ತಿತ್ತೋ ಇಲ್ಲವೋ.

ಎಲ್ಲರ ಕಥೆಯೂ ಹೀಗೇ ಇರುವುದಿಲ್ಲ. ಕೆಲವು ಮಕ್ಕಳಲ್ಲಿ ಖಿನ್ನತೆ ಮುಂದಿರುತ್ತದೆ, ಲಿಂಗತ್ವದ ಪ್ರಶ್ನೆ ಅದರ ಜೊತೆ ತಳಕು ಹಾಕಿಕೊಂಡಿರುತ್ತದೆ. ಕೆಲವರಿಗೆ ಹಿಂದೆ ದೌರ್ಜನ್ಯ ಆಗಿರುತ್ತದೆ. ಇನ್ನು ಕೆಲವರು ತಮಗೆ ತಮ್ಮದೇ ಲಿಂಗದವರ ಮೇಲೆ ಪ್ರೀತಿ ಹುಟ್ಟುತ್ತದೆ ಅನ್ನುವುದನ್ನು ಹೇಳಲು ದಾರಿ ಹುಡುಕುತ್ತಿರುತ್ತಾರೆ. ಅದಕ್ಕೇ ನಾನು ಒಂದೇ ಭೇಟಿಗೆ ಹೌದು ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ.

"ಇದು ಹುಚ್ಚೇನ್ರಿ?" ಅಂತ ಅಪ್ಪ ಕೇಳಿದರು. ಅಲ್ಲ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇದು ಮಾನಸಿಕ ಕಾಯಿಲೆಗಳ ಸಾಲಿನಲ್ಲಿಲ್ಲ, ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿದೆ. "ಹಂಗಾರ ನಿಮ್ಮ ಹತ್ರ ಯಾಕ್ರಿ?" ನ್ಯಾಯವಾದ ಪ್ರಶ್ನೆ. ನಿದ್ದೆ ಇಲ್ಲ, ಊಟ ಸೇರಲ್ಲ, ಸಾಯುವ ಯೋಚನೆ ಬರುತ್ತದೆ. ಆ ನೋವಿಗೆ ನಾನು ಬೇಕು. ಗುರುತನ್ನು ಬದಲಿಸಲಿಕ್ಕಲ್ಲ. ಹಾಗೆ ಬದಲಿಸಿ ಕೊಡುತ್ತೇವೆ ಅನ್ನುವ 'ಕನ್ವರ್ಷನ್ ಥೆರಪಿ' ವೈದ್ಯರ ವೃತ್ತಿ ದುರ್ನಡತೆ ಅಂತ ವೈದ್ಯರ ವೃತ್ತಿಯನ್ನು ನಿಯಂತ್ರಿಸುವ ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲಿ ಹೇಳಿದೆ.

ಈಗ ಆ ಗುಳಿಗೆ ಮಾತು. ಇಲ್ಲಿ ನಾನು ಅಪ್ಪನ ಕಡೆಗೆ. ಗ್ರೂಪಿನಲ್ಲಿ ಯಾರೋ "ಇದು ತಗೋ, ಮೈ ಮೆತ್ತಗಾಗ್ತದೆ" ಅಂದಿದ್ದರು. ಹೇಳಿದವರಿಗೆ ಕೆಟ್ಟದ್ದು ಮಾಡುವ ಉದ್ದೇಶ ಇರಲಿಕ್ಕಿಲ್ಲ, ಅವರಿಗೂ ಡಾಕ್ಟರ್ ಸಿಕ್ಕಿರಲಿಕ್ಕಿಲ್ಲ. ಆದರೆ ಈ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಇರುವ ಎಥಿನೈಲ್ ಎಸ್ಟ್ರಾಡಿಯಾಲ್ ಅನ್ನುವ ಹಾರ್ಮೋನ್ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ. ಬೇಗ ಫಲ ಸಿಗಲಿ ಅಂತ ದಿನಕ್ಕೆ ಎರಡು, ಮೂರು ನುಂಗಿದರೆ ಇನ್ನೂ ಜಾಸ್ತಿ. ಒಂದೇ ಕಾಲು ಊದಿ ನೋಯುವುದು, ಎದೆನೋವು, ತಟ್ಟನೆ ಉಸಿರು ಕಟ್ಟುವುದು ಕಂಡರೆ ಅವತ್ತೇ ಆಸ್ಪತ್ರೆಗೆ ಓಡಬೇಕು. ಹಾರ್ಮೋನ್ ಚಿಕಿತ್ಸೆ ಮಾಡುವ ಎಂಡೋಕ್ರೈನಾಲಜಿಸ್ಟ್ ಬೇರೆ ಬಗೆಯ ಎಸ್ಟ್ರಾಡಿಯಾಲ್ ಕೊಡುತ್ತಾರೆ. ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಬೆಳೆದ ಎದೆ ಔಷಧಿ ಬಿಟ್ಟರೂ ಹಿಂದಕ್ಕೆ ಹೋಗುವುದಿಲ್ಲ, ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಾಗಬಹುದು ಅಂತ ಮೊದಲೇ ಕೂರಿಸಿ ಹೇಳುತ್ತಾರೆ. ಹುಡುಗನಾಗಿ ಬದುಕಬೇಕು ಅನ್ನುವವರಿಗೂ ಅಷ್ಟೇ. ಟೆಸ್ಟೊಸ್ಟೆರೋನ್‌ನಿಂದ ದಪ್ಪಗಾದ ಧ್ವನಿ ಮತ್ತೆ ತೆಳ್ಳಗಾಗುವುದಿಲ್ಲ. ಅವರಲ್ಲಿ ಕೆಲವರು ಎದೆಗೆ ಬ್ಯಾಂಡೇಜ್ ಬಿಗಿದುಕೊಂಡು ಪಕ್ಕೆಲುಬು ನೋವೆಂದು ಬರುತ್ತಾರೆ.

ಚಿಕ್ಕ ಮಕ್ಕಳಿಗೆ ಕೊಡುವ ಪ್ರೌಢಾವಸ್ಥೆ ತಡೆಯುವ ಔಷಧಿಯ ಬಗ್ಗೆ ದೊಡ್ಡ ವಾದ ನಡೆದಿದೆ. ಇಂಗ್ಲೆಂಡಿನಲ್ಲಿ ಮಕ್ಕಳ ಲಿಂಗತ್ವ ಚಿಕಿತ್ಸೆಯನ್ನು ಪರಿಶೀಲಿಸಿದ 2024ರ ಕ್ಯಾಸ್ ವರದಿ ಇದಕ್ಕಿರುವ ಪುರಾವೆ ದುರ್ಬಲ ಅಂದಿತು. ಅಲ್ಲಿ ಇದನ್ನು ವಾಡಿಕೆಯಾಗಿ ಕೊಡುವುದನ್ನು ನಿಲ್ಲಿಸಿದರು. ಕೆಲವು ವೃತ್ತಿ ಸಂಘಗಳು ಇದನ್ನು ಒಪ್ಪುವುದಿಲ್ಲ. ನನ್ನ ಕ್ಲಿನಿಕ್‌ಗೆ ಈ ಪ್ರಶ್ನೆ ಬರುವುದೇ ಅಪರೂಪ, ನಮ್ಮ ಮಕ್ಕಳು ಬರುವ ಹೊತ್ತಿಗೆ ಮೀಸೆ ಬಂದಿರುತ್ತದೆ.

ಗ್ರೂಪಿನ ಇನ್ನೊಂದು ಬದಿಯನ್ನೂ ಮಗುವಿಗೆ ಬಿಡಿಸಿ ಹೇಳಿದೆ. ಫೋಟೊ ಕೇಳಿ ಆಮೇಲೆ ಬೆದರಿಸುವವರು, ಸರ್ಜರಿ ಮಾಡಿಸ್ತೀನಿ ಅಂತ ದುಡ್ಡು ಕೇಳುವವರು ಇಂಥ ಕಡೆಯೇ ಸುಳಿಯುತ್ತಾರೆ. ಮನೆಯಲ್ಲಿ ಹೇಳಿಕೊಳ್ಳಲು ಆಗದ ಮಗು ಅವರಿಗೆ ಸುಲಭದ ತುತ್ತು. ಹಾಗೇನಾದರೂ ಆದರೆ ಮಕ್ಕಳ ಸಹಾಯವಾಣಿ 1098ಕ್ಕೋ ಸೈಬರ್ ಅಪರಾಧದ 1930ಕ್ಕೋ ಫೋನ್ ಮಾಡಬೇಕು. ಮನಸ್ಸು ತೀರಾ ಕೆಟ್ಟ ರಾತ್ರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಇಷ್ಟನ್ನು ಒಪ್ಪಿಕೊಂಡ ಮೇಲೆ ಅಪ್ಪ ಬೇರೆ ಫೋನ್ ಕೊಡಿಸಿದರು. ಗುಳಿಗೆ ನಿಂತಿತು.

ನಮ್ಮ ಕನ್ನಡದಲ್ಲಿ 'ನಾನು ಬಂದೆ' ಅನ್ನುವಾಗ ಗಂಡು ಹೆಣ್ಣು ಗೊತ್ತಾಗುವುದಿಲ್ಲ. ಆದರೆ ಕರೆಯುವಾಗ ಗೊತ್ತಾಗಿಬಿಡುತ್ತದೆ, ಬಾರೋ, ಬಾರೇ. ಮೊದಲ ದಿನ ನಾನು "ಬರ್ರಿ, ಕೂಡ್ರಿ" ಅಂದಿದ್ದೆ. ನಮ್ಮ ಕಡೆ ಎಲ್ಲರಿಗೂ ಅನ್ನುವಂತೆ ಸುಮ್ನೆ ಅಂದದ್ದು. ಅದೊಂದು ಮಾತಿಗೇ ಬಾಯಿ ಬಿಡುವ ಧೈರ್ಯ ಬಂತು ಅಂತ ಆ ಮಗು ಆಮೇಲೆ ಹೇಳಿತು. ಈ ವಿಷಯ ಅವ್ವನಿಗೆ ತಿಳಿಸಿದೆ, ಹೀಗೇ ಮಾಡಿ ಅಂತ ಹೇಳಲಿಲ್ಲ.

ನಾಲ್ಕನೇ ಸಲ ಬಂದು ಹೊರಟಾಗ ಅವ್ವ ಬಾಗಿಲಲ್ಲಿ ನಿಂತು ಕರೆದರು. "ಬಾರ..." ಅಂತ ಅರ್ಧಕ್ಕೆ ನಿಲ್ಲಿಸಿದರು. ಒಂದು ಸಲ ನನ್ನ ಕಡೆ ನೋಡಿದರು. "ಬಾ, ಬಸ್ಸಿಗಿ ಹೊತ್ತಾತು."