ಸಂಡೇ ಸ್ಕೂಲ್ ಸ್ಪರ್ಧೆಯಲ್ಲಿ ಕರ್ನಾಟಕ ಸಂಗೀತ ಹಾಡಿದರೆ ಅಂಕ ಹೋಗುತ್ತಾ?

ಪ್ರಶ್ನೆ: ಟೀಚರ್, ನನ್ನ ಮಗಳು ಒಂಬತ್ತನೇ ಕ್ಲಾಸ್. ಚಿಕ್ಕವಳಿದ್ದಾಗಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಈ ಸಲ ಸಂಡೇ ಸ್ಕೂಲ್ ಕಲಾ ಸ್ಪರ್ಧೆಗೆ ಮೋಹನ ರಾಗದ ಒಂದು ಕ್ರೈಸ್ತ ಗೀತೆ ಆರಿಸಿಕೊಂಡಿದ್ದಾಳೆ. ಆದರೆ ನಮ್ಮ ಸಭೆಯ ಹಿರಿಯರೊಬ್ಬರು "ಅದು ಹಿಂದೂ ಸಂಗೀತ, ಜಡ್ಜ್‌ಗಳು ಅಂಕ ಕೊಡಲ್ಲ, ಒಂದು ಇಂಗ್ಲಿಷ್ ಹಾಡು ಹಾಡಿಸಿ" ಅಂದರು. ಏನು ಮಾಡಲಿ?

ಉತ್ತರ: ಮೋಹನ ರಾಗದ ಹಾಡನ್ನೇ ಹಾಡಿಸಿ. ಅಂಕ ಹೋಗಲ್ಲ.

ಸ್ಪರ್ಧೆಯ ಸರ್ಕ್ಯುಲರ್ ಸಭೆಗಳಿಗೆ ತಲುಪಿದ ವಾರವೇ ಈ ಪ್ರಶ್ನೆ ಬರಲು ಶುರುವಾಗುತ್ತದೆ. ಒಂದು ವರ್ಷ ಮೋಹನ, ಇನ್ನೊಂದು ವರ್ಷ ಹಂಸಧ್ವನಿ, ಕೆಲವು ಸಲ ಹಾಡಿನ ಬದಲು ಭರತನಾಟ್ಯ. ಕೇಳುವವರು ಬೇರೆ, ಭಯ ಒಂದೇ. ಫೋನಿನಲ್ಲಿ ತುಂಡು ತುಂಡಾಗಿ ಹೇಳಿ ಸಾಕಾಗಿದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಅಂಕದ ಮಾತು ಮುಗಿಸೋಣ. ಹೈಸ್ಕೂಲ್ ಮಕ್ಕಳ ಏಕವ್ಯಕ್ತಿ ಗಾಯನಕ್ಕೆ ಜಡ್ಜ್‌ಗಳ ಕೈಗೆ ಕೊಡುವ ಹಾಳೆಯಲ್ಲಿ ಸಾಮಾನ್ಯವಾಗಿ ಇರುವುದು ಶ್ರುತಿ, ತಾಳ, ಉಚ್ಚಾರಣೆ, ಭಾವ, ಹಾಡಿನ ಆಯ್ಕೆ, ಸಮಯ. ಆಯ್ಕೆ ಅಂದರೆ ಹಾಡಿನ ಮಾತು ಬೈಬಲಿಗೆ, ಆ ವರ್ಷದ ವಿಷಯಕ್ಕೆ ಹೊಂದುತ್ತದಾ ಅಂತ ನೋಡುವುದು. ರಾಗ ಎಲ್ಲಿಂದ ಬಂತು ಅನ್ನುವುದಕ್ಕೆ ಅಲ್ಲಿ ಜಾಗ ಇಲ್ಲ. ಸಂಗೀತ ಕಲಿತ ಮಕ್ಕಳು ಅಂಕ ಕಳೆದುಕೊಳ್ಳುವುದು ಬೇರೆ ಕಾರಣಕ್ಕೆ. ಹೋದ ಸಲ ಒಬ್ಬ ಹುಡುಗಿ ಎಷ್ಟು ಚೆನ್ನಾಗಿ ಆಲಾಪನೆ (ಮಾತಿಲ್ಲದೆ ರಾಗ ಬೆಳೆಸುವುದು) ಶುರು ಮಾಡಿದಳು ಅಂದರೆ ಜಡ್ಜ್‌ಗಳಾಗಿ ಕೂತಿದ್ದ ನಾವು ಮೂವರೂ ಪೆನ್ನು ಕೆಳಗಿಟ್ಟೆವು. ಕಣ್ಣು ಮುಚ್ಚಿ, ಎಡಗೈ ತೊಡೆಯ ಮೇಲೆ ಇಟ್ಟು, ಆರಾಮವಾಗಿ ರಾಗ ಬೆಳೆಸುತ್ತಾ ಹೋದಳು. ಪಲ್ಲವಿ ಮುಗಿಸಿ ಚರಣಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಹಾಡಿನ ಅರ್ಧ ಮಾತು ಯಾರಿಗೂ ಕೇಳಿಸಲೇ ಇಲ್ಲ. ಹಾಗಾಗಿ ನಿಮ್ಮ ಮಗಳಿಗೆ ಹೇಳಿ: ಆಲಾಪನೆ ಮೂವತ್ತು ಸೆಕೆಂಡ್ ಸಾಕು. ಮಾತು ಬಿಡಿಸಿ ಹೇಳಲಿ, ಮೈಕ್ ಬಾಯಿಗೆ ತೀರಾ ಒತ್ತಿ ಹಿಡಿಯುವುದು ಬೇಡ.

ಈಗ ಆ 'ಹಿಂದೂ ಸಂಗೀತ' ಅನ್ನುವ ಮಾತಿಗೆ ಬರೋಣ. ಇದನ್ನು ಬುಡಸಮೇತ ಕೀಳದೆ ನನಗೆ ಸಮಾಧಾನ ಇಲ್ಲ.

ಹಿರಿಯರು ಇಂಗ್ಲಿಷ್ ಹಾಡು ಹಾಡಿಸಿ ಅಂದರಲ್ವಾ? ಹತ್ತರಲ್ಲಿ ಐದು ಮನೆಯವರು ಆಗ ಆರಿಸುವುದು 'ಅಮೇಜಿಂಗ್ ಗ್ರೇಸ್'. ಒಂದು ಕೆಲಸ ಮಾಡಿ. ಶ್ರುತಿ ಪೆಟ್ಟಿಗೆ ಹಾಕಿ, ಮಗಳನ್ನು ಕೂರಿಸಿ, ಆ ಹಾಡಿನ ಮೊದಲ ಸಾಲಿಗೆ ಸ್ವರ ಹಾಕಲು ಹೇಳಿ. ಮಂದ್ರದ, ಅಂದರೆ ಕೆಳಗಿನ, ಪಂಚಮದಿಂದ ಶುರು: ಪ, ಸ, ಗ ಸ ಗ, ರಿ, ಸ, ಧ, ಪ. ಹಾಗೇ ಕೊನೆಯ ಸಾಲಿನ ತನಕ ಹೋಗಲಿ. ಎಲ್ಲೂ ಮಧ್ಯಮ (ಮ) ಬರಲ್ಲ, ನಿಷಾದ (ನಿ) ಬರಲ್ಲ. ಸ ರಿ ಗ ಪ ಧ, ಇಷ್ಟೇ. ಅದೂ ಚತುಶ್ರುತಿ ರಿಷಭ, ಅಂತರ ಗಾಂಧಾರ, ಚತುಶ್ರುತಿ ಧೈವತ. ಅಂದರೆ ಮೋಹನ ರಾಗದ ಸ್ವರಗಳೇ! ಗಮಕ (ಸ್ವರವನ್ನು ತೂಗಿ ಆಡಿಸುವುದು) ಇಲ್ಲ, ಸಂಚಾರ (ಸ್ವರಗಳು ಓಡಾಡುವ ರೀತಿ) ಬೇರೆ, ಹಾಗಾಗಿ ಅದನ್ನು ಮೋಹನ ಅಂತ ಕರೆಯಲು ನಾನೂ ಒಪ್ಪಲ್ಲ. ಆದರೆ ಅದೇ ಐದು ಸ್ವರ ಇಂಗ್ಲಿಷಿನಲ್ಲಿ ಬಂದರೆ ಕ್ರೈಸ್ತ, ಕನ್ನಡದಲ್ಲಿ ಬಂದರೆ ಹಿಂದೂ ಆಗುವುದು ಹೇಗೆ? ಸ್ವರಕ್ಕೆ ಯಾರೂ ದೀಕ್ಷಾಸ್ನಾನ ಕೊಟ್ಟಿಲ್ಲ, ಕೊಡಬೇಕಾಗಿಯೂ ಇಲ್ಲ.

ಆ ಹಾಡಿನ ಮಾತು ಬರೆದದ್ದು ಇಂಗ್ಲೆಂಡಿನ ಪಾದ್ರಿ ಜಾನ್ ನ್ಯೂಟನ್. ಅಚ್ಚಾದದ್ದು 1779ರಲ್ಲಿ. ಈಗ ನಾವು ಹಾಡುವ ಮಟ್ಟು ಅದಕ್ಕೆ ಸೇರಿದ್ದು 1835ರಲ್ಲಿ, ಅಮೆರಿಕದಲ್ಲಿ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಮಾತನ್ನು ಜನ ಬೇರೆ ಬೇರೆ ಮಟ್ಟಿನಲ್ಲಿ ಹಾಡಿದ್ದಾರೆ. ಮಟ್ಟು ಬದಲಾಯಿತು ಅಂತ ಯಾರ ನಂಬಿಕೆಯೂ ಬದಲಾಗಲಿಲ್ಲ.

"ಆದರೂ ಕರ್ನಾಟಕ ಸಂಗೀತ ದೇವಸ್ಥಾನದಲ್ಲಿ ಬೆಳೆದದ್ದು" ಅಂತ ಮುಂದಿನ ಮಾತು ಬರುತ್ತದೆ. ಸರಿ. ಹಾಗಾದರೆ ಯೇಸುವಿನ ಮುಳ್ಳಿನ ಕಿರೀಟದ ಬಗ್ಗೆ ಒಂದು ಹಳೆಯ ಜರ್ಮನ್ ಕೀರ್ತನೆ ಇದೆ. ಶುಭ ಶುಕ್ರವಾರದ ಆರಾಧನೆಯಲ್ಲಿ ಜಗತ್ತಿನ ಎಷ್ಟೋ ಸಭೆಗಳಲ್ಲಿ ಕಣ್ಣೀರು ಹಾಕಿಕೊಂಡು ಹಾಡುತ್ತಾರೆ. ಜರ್ಮನಿಯ ಸಂಗೀತಗಾರ ಬಾಖ್ ಅದರ ಮಟ್ಟನ್ನು ಯೇಸುವಿನ ಯಾತನೆಯ ಕಥೆ ಹೇಳುವ ತಮ್ಮ ಸಂಗೀತದಲ್ಲಿ ಮತ್ತೆ ಮತ್ತೆ ತಂದಿದ್ದಾರೆ. ಆ ಮಟ್ಟು ಹುಟ್ಟಿದ್ದು ಚರ್ಚಿನಲ್ಲಿ ಅಲ್ಲ. ಹಾನ್ಸ್ ಲಿಯೋ ಹಾಸ್ಲರ್ ಅನ್ನುವವರು ಮಾಡಿದ, 1601ರಲ್ಲಿ ಅಚ್ಚಾದ ಪ್ರೇಮಗೀತೆ ಅದು. ಒಬ್ಬ ಹುಡುಗಿಯಿಂದಾಗಿ ಮನಸ್ಸು ಕೆಟ್ಟುಹೋಗಿದೆ ಅನ್ನುವ ಹಾಡು. ಎಲ್ಲಿ ಹುಟ್ಟಿತು ಅಂತ ನೋಡಿ ಮಟ್ಟನ್ನು ಬಿಡಬೇಕಾದರೆ ಅದನ್ನೂ ಬಿಡಬೇಕಾಗುತ್ತದೆ. ಯಾರೂ ಬಿಟ್ಟಿಲ್ಲ, ಬಿಡಲೂ ಬಾರದು.

ಇನ್ನು ಕರ್ನಾಟಕ ಸಂಗೀತದ ಕಡೆಯಿಂದಲೂ ನೋಡಿ. ದೊಡ್ಡ ವಾಗ್ಗೇಯಕಾರರಾದ ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಹತ್ತಿರ ಮಣಲಿಯಲ್ಲಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡ್ ಬಾರಿಸುತ್ತಿದ್ದ ಯುರೋಪಿನ ಮಟ್ಟುಗಳನ್ನು ಕೇಳಿದರು. ಅವಕ್ಕೆ ಸಂಸ್ಕೃತದಲ್ಲಿ ದೇವರ ನಾಮ ಕಟ್ಟಿದರು. ನೋಟ್ಟುಸ್ವರ ಅಂತ ಇವತ್ತಿಗೂ ಮಕ್ಕಳಿಗೆ ಕಲಿಸುತ್ತಾರೆ. ಅದರಲ್ಲಿ ಒಂದು ಇಂಗ್ಲೆಂಡಿನ ರಾಜನ ಸ್ತುತಿಗೀತೆಯ ಮಟ್ಟೇ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿನ ಪಿಟೀಲು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಇವತ್ತು ಪಿಟೀಲು ಇಲ್ಲದ ಕಛೇರಿ ಊಹಿಸಿಕೊಳ್ಳುವುದು ಕಷ್ಟ. ಅದು ಕ್ರೈಸ್ತರ ವಾದ್ಯ, ವೇದಿಕೆ ಮೇಲೆ ಬೇಡ ಅಂತ ಯಾವ ವಿದ್ವಾಂಸರೂ ಹೇಳುವುದಿಲ್ಲ. ನಾವು ಮಾತ್ರ ತಂಬೂರಿ ಕಂಡರೆ ಯಾಕೆ ಹೆದರಬೇಕು?

ಹೆದರದೇ ಹಾಡಿದವರು ನಮ್ಮಲ್ಲೇ ಇದ್ದಾರೆ. ತ್ಯಾಗರಾಜರು ತಿರುವಯ್ಯಾರಿನಲ್ಲಿ ಹಾಡುತ್ತಿದ್ದ ಕಾಲಕ್ಕೇ ಅಲ್ಲೇ ಹತ್ತಿರದ ತಂಜಾವೂರಿನಲ್ಲಿ ವೇದನಾಯಕಂ ಶಾಸ್ತ್ರಿಗಳು (1774–1864) ರಾಗ ತಾಳ ಹಾಕಿ ತಮಿಳಿನಲ್ಲಿ ಕ್ರೈಸ್ತ ಕೀರ್ತನೆ ಬರೆಯುತ್ತಿದ್ದರು. ಅವರನ್ನು ಬೆಳೆಸಿದವರು ಶ್ವಾರ್ಟ್ಸ್ ಪಾದ್ರಿ. ತಂಜಾವೂರಿನ ರಾಜ ಸರ್ಫೋಜಿ ಈ ಶಾಸ್ತ್ರಿಗಳ ಜೊತೆ ಓದಿದ ಗೆಳೆಯ. ಕೊರವಂಜಿ ಅನ್ನುವ ನೃತ್ಯನಾಟಕದ ಚೌಕಟ್ಟಿನಲ್ಲಿ ಬೆತ್ಲೆಹೇಮಿನ ಕಥೆಯನ್ನೇ ಕಟ್ಟಿದರು. ತಮಿಳು ಸಭೆಗಳಲ್ಲಿ ಅವರ ಕೀರ್ತನೆಗಳನ್ನು ಇವತ್ತಿಗೂ ಹಾಡುತ್ತಾರೆ. ಅದೇ ತಂಜಾವೂರಿನ ಅಬ್ರಹಾಂ ಪಂಡಿತರು (1859–1919) ಸಿದ್ಧ ವೈದ್ಯರು, ಕ್ರೈಸ್ತರು. ಸಂಗೀತ ಸಮ್ಮೇಳನ ಮಾಡಿ ದೊಡ್ಡ ದೊಡ್ಡ ವಿದ್ವಾಂಸರನ್ನು ಕರೆಸಿ ಸ್ವರಗಳ ನಡುವಿನ ಸೂಕ್ಷ್ಮ ಅಂತರಗಳಾದ ಶ್ರುತಿಗಳ ಬಗ್ಗೆ ಚರ್ಚೆ ನಡೆಸಿದರು. 1917ರಲ್ಲಿ ಬಂದ ಅವರ 'ಕರುಣಾಮೃತ ಸಾಗರಂ' ಸಂಗೀತಶಾಸ್ತ್ರ ಓದುವವರು ಬಿಡುವಂಥ ಪುಸ್ತಕ ಅಲ್ಲ.

ಕನ್ನಡಕ್ಕೆ ಬನ್ನಿ. ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು. 1862ರಲ್ಲಿ ಅವರು 'ಕಥಾಮಾಲೆ' ಅಂತ ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ಬರೆದರು ಅನ್ನುವುದು ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಯಾಕೋ ಯಾರೂ ಹೇಳಲ್ಲ. ಜರ್ಮನಿಯಲ್ಲಿ ಹುಟ್ಟಿದ ಪಾದ್ರಿ ಕೂತು ಕನ್ನಡದ ಛಂದಸ್ಸು ಕಲಿತರು. ನಾಗವರ್ಮನ ಛಂದಸ್ಸಿನ ಗ್ರಂಥವನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಅವರಿಗಿಂತ ಮೊದಲು ಬಂದ ಪಾದ್ರಿ ಮೋಗ್ಲಿಂಗ್, ಹರಿದಾಸರ ಪದಗಳನ್ನೇ ಕಲೆಹಾಕಿ ಪ್ರಕಟಿಸಿದವರು. ಇವರಿಬ್ಬರನ್ನು ಇಲ್ಲಿಗೆ ಕಳಿಸಿದ ಬಾಸೆಲ್ ಮಿಷನ್ನಿನ ಪಾದ್ರಿಗಳೇ ಕನ್ನಡದ ಮಟ್ಟು, ಕನ್ನಡದ ಪದ್ಯವನ್ನು ಇಷ್ಟು ಗೌರವದಿಂದ ಕಂಡಿರುವಾಗ, ಅವರು ಕಟ್ಟಿದ ಸಭೆಗಳ ಮೊಮ್ಮಕ್ಕಳು "ಇದು ನಮ್ಮದಲ್ಲ" ಅನ್ನುವುದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ.

ನಿಮ್ಮ ಸಭೆಯ ಆ ಹಿರಿಯರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಚಿಕ್ಕಂದಿನಿಂದ ಆರಾಧನೆಯಲ್ಲಿ ಕೇಳಿದ್ದು ಹಾರ್ಮೋನಿಯಂ, ಆರ್ಗನ್, ನಾಲ್ಕು ಭಾಗದ ಗಾಯನ. ಕಿವಿಗೆ ರೂಢಿಯಾದದ್ದು ನಿಧಾನಕ್ಕೆ ನಂಬಿಕೆಯ ಭಾಗ ಅನ್ನಿಸಿಬಿಡುತ್ತದೆ. ಅವರ ಜೊತೆ ಕೂತು ಬೈಬಲಿನ 150ನೇ ಕೀರ್ತನೆ ಓದಿ. ತುತೂರಿ, ತಂತಿವಾದ್ಯ, ಕೊಳಲು, ತಾಳ, ದಮ್ಮಡಿ, ಕುಣಿತ ಎಲ್ಲ ಇದೆ. ಕೀಬೋರ್ಡ್ ಇಲ್ಲ. ಕಥೋಲಿಕ ಓದುಗರಿಗೆ ಇನ್ನೂ ಸುಲಭ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಆರಾಧನೆಯ ದಾಖಲೆಯಲ್ಲೇ, ಆಯಾ ಜನರ ಸಂಗೀತ ಪರಂಪರೆಗೆ ಅದಕ್ಕೆ ಸಲ್ಲಬೇಕಾದ ಮರ್ಯಾದೆ ಕೊಡಬೇಕು ಅಂತಿದೆ. ಅದನ್ನು ತೋರಿಸಿದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಭರತನಾಟ್ಯದ ಬಗ್ಗೆ ಕೇಳುವವರಿಗೂ ಇದೇ ಉತ್ತರ. ಮಂಗಳೂರು ಮೂಲದ ಭರತನಾಟ್ಯ ಕಲಾವಿದ ಫ್ರಾನ್ಸಿಸ್ ಬರ್ಬೋಜಾ ಬೈಬಲಿನ ಕಥೆಗಳಿಗಾಗಿ ಹೊಸ ಹಸ್ತಗಳನ್ನೇ (ಕೈಮುದ್ರೆಗಳನ್ನೇ) ರೂಪಿಸಿದರು. ಜೆಸ್ವಿಟ್ ಗುರು ಸಾಜು ಜಾರ್ಜ್ ಕೋಲ್ಕತ್ತದ ಹತ್ತಿರ 'ಕಲಾಹೃದಯ' ಕಟ್ಟಿ ನೃತ್ಯ ಕಲಿಸುತ್ತಿದ್ದಾರೆ. ಕೇರಳದ ಕ್ರೈಸ್ತರ ಮಾರ್ಗಂಕಳಿಯಲ್ಲಿ ಹನ್ನೆರಡು ಮಂದಿ ಉರಿಯುವ ದೀಪದ ಸುತ್ತ ಹಾಡಿ ಕುಣಿಯುತ್ತಾರೆ. ದೀಪ ಕ್ರಿಸ್ತ, ಸುತ್ತಲಿನವರು ಶಿಷ್ಯರು. ಅಲ್ಲಿನ ಶಾಲಾ ಕಲೋತ್ಸವದಲ್ಲಿ ಅದು ಸ್ಪರ್ಧೆಯ ವಿಭಾಗವೇ. ನೀವು ನೋಡಬೇಕಾದದ್ದು ಇಷ್ಟೇ: ನಿಮ್ಮ ಸರ್ಕ್ಯುಲರ್‌ನಲ್ಲಿ ಏಕವ್ಯಕ್ತಿ ನೃತ್ಯಕ್ಕೆ ಅವಕಾಶ ಇದೆಯಾ, ಸಮಯ ಎಷ್ಟು, ಕಥೆಯನ್ನು ಮೊದಲೇ ಎರಡು ಮಾತಿನಲ್ಲಿ ಹೇಳಲು ಬಿಡುತ್ತಾರಾ.

ಈಗ ನೀವು ಕೇಳದ ಒಂದು ವಿಷಯ. ನಿಮಗೆ ಮಗಳು, ಆದರೆ ಇದನ್ನು ಓದುವ ಗಂಡುಮಕ್ಕಳ ತಾಯಂದಿರು ದಯವಿಟ್ಟು ನಿಧಾನವಾಗಿ ಓದಿ. ಪ್ರತಿ ಸ್ಪರ್ಧೆಯಲ್ಲೂ ರಾಗದ ಭಯದಿಂದ ಆಗುವುದಕ್ಕಿಂತ ಜಾಸ್ತಿ ನಷ್ಟ ಇದರಿಂದ ಆಗುತ್ತಿದೆ.

ಎಂಟು, ಒಂಬತ್ತನೇ ಕ್ಲಾಸಿನ ಹುಡುಗರ ಗಂಟಲು ಒಡೆಯುವ ಕಾಲ ಅದು. ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಧ್ವನಿತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ಕೊನೆಗೆ ಧ್ವನಿ ಹತ್ತಿರ ಹತ್ತಿರ ಒಂದು ಸ್ಥಾಯಿಯಷ್ಟು (ಸ ದಿಂದ ಮೇಲಿನ ಸ ತನಕದ ಅಂತರ) ಕೆಳಗಿಳಿಯುತ್ತದೆ. ಹುಡುಗಿಯರಿಗೂ ಇಳಿಯುತ್ತದೆ, ಆದರೆ ಎರಡು ಮೂರು ಸ್ವರದಷ್ಟು, ಹೊರಗೆ ಅಷ್ಟು ಗೊತ್ತಾಗಲ್ಲ. ಹುಡುಗನಿಗೆ ಇದು ಒಂದೇ ದಿನ ಆಗುವುದಿಲ್ಲ, ತಿಂಗಳುಗಟ್ಟಲೆ ನಡೆಯುತ್ತದೆ. ಇವತ್ತು ಸಿಕ್ಕ ಮೇಲಿನ ಸ್ವರ ಮುಂದಿನ ವಾರ ಸಿಗದಿರಬಹುದು.

ನಾವೇನು ಮಾಡುತ್ತೇವೆ? ಜೂನ್‌ನಲ್ಲಿ ಹಾಡು ಆರಿಸಿ, ಕರೋಕೆ ಟ್ರ್ಯಾಕ್ ಡೌನ್‌ಲೋಡ್ ಮಾಡಿ, ಅಕ್ಟೋಬರ್ ತನಕ ಅದೇ ಟ್ರ್ಯಾಕಿಗೆ ಹಾಡಿಸುತ್ತೇವೆ. ಟ್ರ್ಯಾಕ್ ಅಲ್ಲೇ ಇದೆ, ಹುಡುಗನ ಧ್ವನಿ ಎಲ್ಲೋ ಹೋಗಿದೆ. ವೇದಿಕೆ ಮೇಲೆ ಮೊದಲ ಸಾಲು ಸರಿಯಾಗಿ ಬರುತ್ತದೆ. ಮೇಲಿನ ಸಾಲಿಗೆ ಬಂದಾಗ ಕತ್ತು ಎತ್ತಿ, ಕುತ್ತಿಗೆಯ ನರ ಉಬ್ಬಿಸಿ ಎಳೆಯುತ್ತಾನೆ, ಧ್ವನಿ ಎರಡು ಹೋಳಾಗುತ್ತದೆ, ಹಿಂದಿನ ಸಾಲಿನ ಮಕ್ಕಳು ನಗುತ್ತಾರೆ. ಆಮೇಲೆ ಅವನು ಕ್ವಾಯರ್ ಕಡೆ ಬರುವುದೇ ಇಲ್ಲ. ಸಭೆಯಲ್ಲಿ ಗಂಡಸರ ಧ್ವನಿ ಇಲ್ಲ ಅಂತ ಆಮೇಲೆ ಕೊರಗಿ ಏನು ಬಂತು? ಹದಿನಾಲ್ಕು ವರ್ಷಕ್ಕೆ ನಾವೇ ಅವರನ್ನು ಕಳಿಸಿಬಿಟ್ಟಿರುತ್ತೇವೆ.

ಇದಕ್ಕೆ ದಾರಿ ಇದೆ. ಆ ಒಂದೆರಡು ವರ್ಷ ಆರೇಳು ಸ್ವರದೊಳಗೆ ಮುಗಿಯುವ ಹಾಡು ಕೊಡಿ. ತಾರಸ್ಥಾಯಿಗೆ ಓಡುವ ಹಾಡು ಬೇಡ, ಅದು ಎಷ್ಟೇ ಜನಪ್ರಿಯ ಇರಲಿ. ಟ್ರ್ಯಾಕ್ ಬದಲು ಶ್ರುತಿ ಪೆಟ್ಟಿಗೆ ಅಥವಾ ಫೋನಿನ ತಂಬೂರಿ ಆ್ಯಪ್ ಇಟ್ಟು ಹಾಡಿಸಿ. ಬೆಳಗ್ಗೆ 'ಸಿ' ಶ್ರುತಿ ಸರಿಹೋಗದಿದ್ದರೆ ಅದಕ್ಕಿಂತ ಕೆಳಗಿನ 'ಬಿ' ಶ್ರುತಿಗೆ ಇಳಿಸಿ, ಎರಡು ಸೆಕೆಂಡಿನ ಕೆಲಸ. ಟ್ರ್ಯಾಕ್ ಬೇಕೇ ಬೇಕು ಅಂದರೆ ಶ್ರುತಿ ಇಳಿಸುವ ಆ್ಯಪ್‌ಗಳಿವೆ, ಎರಡು ಮೂರು ಶ್ರುತಿಯಲ್ಲಿ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಧ್ವನಿ ಒಡೆದ ದಿನ ಜೋರಾಗಿ ಅಭ್ಯಾಸ ಮಾಡಿಸಬೇಡಿ. ಬಾಯಿ ಮುಚ್ಚಿ ಮೆಲ್ಲಗೆ ಗುನುಗಲಿ, ಅಥವಾ ಸುಮ್ನೆ ಸಾಹಿತ್ಯ ಓದಲಿ. ಅದೂ ಆಗದಿದ್ದರೆ ಆ ವರ್ಷ ಬೈಬಲ್ ಪಠಣಕ್ಕೋ ಕಿರುನಾಟಕಕ್ಕೋ ಸೇರಿಸಿ, ಹಾಡು ಮುಂದಿನ ವರ್ಷ ಇರಲಿ ಅಂತ ಅವನಿಗೇ ಬಿಡಿಸಿ ಹೇಳಿ. ಅವನಿಗೆ ಏನಾಗುತ್ತಿದೆ ಅಂತ ಹೇಳದೇ ಸುಮ್ಮನೆ ಹೆಸರು ತೆಗೆದುಹಾಕಬೇಡಿ.

ಸಂಚಾಲಕರಿಗೂ ಒಂದು ಮಾತು. ಹೆಸರು ಕೊಡುವಾಗಲೇ ಹಾಡಿನ ಶ್ರುತಿ ಬರೆಸಿಕೊಂಡು, ಕೊನೆಯಲ್ಲಿ ಬದಲಾಯಿಸಬಾರದು ಅನ್ನುವ ನಿಯಮ ಕೆಲವು ಕಡೆ ಇದೆ. ಹೈಸ್ಕೂಲ್ ವಿಭಾಗಕ್ಕೆ ಅದನ್ನು ತೆಗೆದುಬಿಡಿ. ಹಾಡಿನ ಹೆಸರು, ರಚಿಸಿದವರ ಹೆಸರು, ಬೈಬಲ್ ಭಾಗ, ಇಷ್ಟು ಮೊದಲೇ ಇದ್ದರೆ ಸಾಕು. ಶ್ರುತಿಯನ್ನು ಸ್ಪರ್ಧೆಯ ದಿನ ಬೆಳಗ್ಗೆ ಹೆಸರು ಕರೆಯುವಾಗ ಬರೆದುಕೊಳ್ಳಬಹುದು.