70 ಸಾವಿರಕ್ಕೆ ಗೇಮಿಂಗ್ ಲ್ಯಾಪ್‌ಟಾಪ್: ಕಂಪನಿ ಕತ್ತರಿ ಆಡಿಸಿರುವುದು ಎಲ್ಲಿ?

ಪ್ರಶ್ನೆ: ಸರ್, ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಹಾಸ್ಟೆಲ್‌ನಲ್ಲಿ ಇರ್ತೀನಿ. ಅಪ್ಪ 70 ಸಾವಿರದವರೆಗೆ ಕೊಡ್ತೀನಿ ಅಂದಿದ್ದಾರೆ. ಓದಿಗೂ ಆಗಬೇಕು, ಗೇಮಿಗೂ ಆಗಬೇಕು. ಆರ್‌ಟಿಎಕ್ಸ್ ಕಾರ್ಡ್ ಇದ್ದರೆ ಸಾಕಲ್ವಾ? ಯಾವ ಮಾಡೆಲ್ ತಗೊಳ್ಳಲಿ?

ಉತ್ತರ: ಸಾಲದು. ಆರ್‌ಟಿಎಕ್ಸ್ ಅನ್ನುವುದು ಎನ್ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್‌ಗಳ ಸಾಲಿನ ಹೆಸರು ಅಷ್ಟೇ. ಮಾಡೆಲ್ ಹೆಸರು ಹೇಳಿದರೂ ನಿಮಗೆ ಉಪಯೋಗವಿಲ್ಲ. ಲೆನೊವೊ ಎಲ್‌ಒಕ್ಯೂ, ಎಚ್‌ಪಿ ವಿಕ್ಟಸ್, ಏಸಸ್ ಟಫ್, ಏಸರ್ ನೈಟ್ರೋ, ಇವೆಲ್ಲ ಸರಣಿಯ ಹೆಸರುಗಳು. ಒಂದೇ ಹೆಸರಿನ ಎರಡು ಡಬ್ಬ ತೆರೆದರೆ ಒಳಗೆ ಕಾರ್ಡ್ ಬೇರೆ, ಪರದೆ ಬೇರೆ, ರ‍್ಯಾಮ್ ಬೇರೆ ಇರಬಹುದು.

ವಿಷಯ ಇಷ್ಟೇ. ಗ್ರಾಫಿಕ್ಸ್ ಕಾರ್ಡ್ ದುಬಾರಿ. ಅದನ್ನು ಹಾಕಿಯೂ 70 ಸಾವಿರದೊಳಗೆ ಮಾರಬೇಕು ಅಂದರೆ ಕಂಪನಿ ಬೇರೆ ಎಲ್ಲೋ ಕತ್ತರಿ ಆಡಿಸಲೇಬೇಕು. ಎಲ್ಲಿ ಆಡಿಸಿದೆ ಅಂತ ಹುಡುಕುವುದೇ ನಿಮ್ಮ ಕೆಲಸ. ಕೆಲವು ಕೊರತೆಗಳನ್ನು ಆಮೇಲೆ ದುಡ್ಡು ಕೊಟ್ಟು ಸರಿ ಮಾಡಿಕೊಳ್ಳಬಹುದು. ಇನ್ನು ಕೆಲವು ನಾಲ್ಕು ವರ್ಷವೂ ನಿಮ್ಮ ಜೊತೆಗೇ ಇರುತ್ತವೆ.

ಅದಕ್ಕೂ ಮುಂಚೆ ಒಂದು ಮಾತು, ಅಪ್ಪನಿಗೆ ತೋರಿಸಬೇಡಿ. ಕಂಪ್ಯೂಟರ್ ಸೈನ್ಸ್ ಓದಲು ಗೇಮಿಂಗ್ ಕಾರ್ಡ್ ಬೇಕಾಗಿಲ್ಲ. ಸಿ, ಜಾವಾ, ಪೈಥಾನ್, ಮೈಎಸ್‌ಕ್ಯೂಎಲ್ ಎಲ್ಲವೂ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ನಡೆಯುತ್ತವೆ. ಮೆಕ್ಯಾನಿಕಲ್, ಸಿವಿಲ್‌ನವರ ಕಥೆ ಬೇರೆ. ಸಾಲಿಡ್‌ವರ್ಕ್ಸ್, ಆನ್ಸಿಸ್, ರೆವಿಟ್ ತೆರೆದಾಗ ಕಾರ್ಡ್ ಮತ್ತು ರ‍್ಯಾಮ್ ಎರಡೂ ಬೇಕಾಗುತ್ತವೆ. ಎಐ ಕಲಿಯುವವರಿಗೆ ಎನ್ವಿಡಿಯಾ ಕಾರ್ಡ್ ಇದ್ದರೆ ಅನುಕೂಲ, ಯಾಕೆಂದರೆ ಅಲ್ಲಿ ಹೆಚ್ಚಿನವರು ಬಳಸುವ ‘ಕೂಡಾ’ (CUDA) ಅನ್ನುವ ಸಾಫ್ಟ್‌ವೇರ್ ಎನ್ವಿಡಿಯಾದ್ದು. ಆದರೆ ಕಲಿಕೆಯ ಹಂತಕ್ಕೆ ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್ ಉಚಿತವಾಗಿ ಕೊಡುವುದೇ ಎಷ್ಟೋ ಸಲ ಸಾಕಾಗುತ್ತದೆ. ಅಂದರೆ ನಿಮ್ಮ ಕಾರ್ಡ್ ಇರುವುದು ಗೇಮಿಗೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆಡುವುದು ವ್ಯಾಲೊರಂಟ್ ಒಂದೇ ಆಗಿದ್ದರೆ ಪ್ರತ್ಯೇಕ ಕಾರ್ಡೇ ಇಲ್ಲದ ಒಳ್ಳೆ ಲ್ಯಾಪ್‌ಟಾಪ್‌ನಲ್ಲೂ ಅದು ಓಡುತ್ತದೆ, ಉಳಿದ ದುಡ್ಡಿಗೆ ಬೇರೆ ಖರ್ಚು ಬೇಕಾದಷ್ಟಿದೆ.

ಈಗ ಕಾರ್ಡ್. ಎಲ್ಲರೂ 3050, 4050 ಅಂತ ಸಂಖ್ಯೆ ನೋಡುತ್ತಾರೆ, ಕಾರ್ಡಿಗೆ ಎಷ್ಟು ವ್ಯಾಟ್ ಕರೆಂಟ್ ಸಿಗುತ್ತದೆ ಅಂತ ನೋಡುವುದಿಲ್ಲ. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 3050ಗೆ ಎನ್ವಿಡಿಯಾ ಇಟ್ಟಿರುವ ಮಿತಿ 35ರಿಂದ 80 ವ್ಯಾಟ್, 4050ಗೆ 35ರಿಂದ 115 ವ್ಯಾಟ್. ಈ ಮಿತಿಯೊಳಗೆ ಎಷ್ಟು ಕೊಡಬೇಕು ಅನ್ನುವುದು ಲ್ಯಾಪ್‌ಟಾಪ್ ಕಂಪನಿಯ ಇಷ್ಟ. ತೆಳ್ಳಗಿನ ಮೈ, ಸಣ್ಣ ಫ್ಯಾನ್ ಇಟ್ಟರೆ ವ್ಯಾಟ್ ಇಳಿಸಲೇಬೇಕು, ಇಲ್ಲದಿದ್ದರೆ ಬಿಸಿ ತಡೆಯುವುದಿಲ್ಲ. ಹೊರಗೆ ಅದೇ ಸ್ಟಿಕ್ಕರ್, ಒಳಗೆ ಅರ್ಧ ವೇಗ ಅನ್ನುವ ಪರಿಸ್ಥಿತಿ ಬರುವುದು ಹೀಗೆ. ಮಾರಾಟದ ಪುಟದಲ್ಲಿ ಈ ಸಂಖ್ಯೆ ಎಷ್ಟೋ ಸಲ ಇರುವುದೇ ಇಲ್ಲ. ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ ನಿಮ್ಮ ಮಾಡೆಲ್‌ನ ಪೂರ್ತಿ ಸಂಖ್ಯೆ ಹಾಕಿ, ಟಿಜಿಪಿ (ಅಂದರೆ ಕಾರ್ಡಿಗೆ ಸಿಗುವ ಆ ವ್ಯಾಟ್) ಎಷ್ಟು ಅಂತ ಹುಡುಕಿ. ಅಂಗಡಿಯಲ್ಲಾದರೆ ಇನ್ನೂ ಸುಲಭ: ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಮ್ ಇನ್ಫರ್ಮೇಶನ್ ಒತ್ತಿದರೆ ಗರಿಷ್ಠ ಗ್ರಾಫಿಕ್ಸ್ ಪವರ್ ಎಷ್ಟು ಅಂತ ಅಲ್ಲೇ ಬರೆದಿರುತ್ತದೆ. ಅಂಗಡಿಯವರು ಹುಬ್ಬೇರಿಸಬಹುದು, ತಲೆ ಕೆಡಿಸಿಕೊಳ್ಳಬೇಡಿ.

ಜೊತೆಗೆ ಕಾರ್ಡಿನ ಸ್ವಂತ ಮೆಮೊರಿ ನೋಡಿ. 2050ರಲ್ಲಿ 4 ಜಿಬಿ. 3050ರಲ್ಲಿ 4 ಜಿಬಿಯದ್ದೂ ಇದೆ, 6 ಜಿಬಿಯದ್ದೂ ಇದೆ. 4050ಗೆ 6, 2025ರಲ್ಲಿ ಬಂದ 5050ಗೆ 8. ಹೊಸ ದೊಡ್ಡ ಗೇಮ್‌ಗಳಿಗೆ 4 ಜಿಬಿ ಈಗಲೇ ಸಾಲುತ್ತಿಲ್ಲ, ಇನ್ನು ನೀವು ಫೈನಲ್ ಇಯರ್‌ಗೆ ಬರುವ ಹೊತ್ತಿಗೆ ಕೇಳಲೇಬೇಡಿ. 4 ಜಿಬಿಯದ್ದನ್ನು ಪಟ್ಟಿಯಿಂದ ತೆಗೆದುಬಿಡಿ.

ಪ್ರೊಸೆಸರ್ ಬಗ್ಗೆ ಜಾಸ್ತಿ ಯೋಚಿಸಬೇಡಿ. ಇಂಟೆಲ್‌ನ ಐ5 12450ಎಚ್ ಮತ್ತು 13420ಎಚ್ ಎರಡರಲ್ಲೂ ಇರುವುದು ಅದೇ ಎಂಟು ಕೋರ್. ಎಎಂಡಿಯ ರೈಜನ್ 7535ಎಚ್‌ಎಸ್‌ನಲ್ಲಿ ಮೊದಲ 7 ನೋಡಿ ಹೊಸದು ಅಂದುಕೊಳ್ಳಬೇಡಿ, ಮೂರನೇ ಅಂಕಿ 3 ಇದೆಯಲ್ಲ, ಒಳಗಿರುವುದು ಹಳೇ ತಲೆಮಾರು ಅಂತ ಅರ್ಥ. ಆದರೂ ನಿಮ್ಮ ಕೆಲಸಕ್ಕೆ ಇವೆಲ್ಲ ಸಾಕು. ಐ7 ಆಸೆಗೆ ಬಿದ್ದು ಸಣ್ಣ ಕಾರ್ಡ್ ತಗೊಳ್ಳುವುದು ಮಾತ್ರ ನಷ್ಟದ ವ್ಯವಹಾರ.

ರ‍್ಯಾಮ್ ವಿಷಯದಲ್ಲಿ ಹಳೇ ಸಲಹೆಯೊಂದು ಈಗಲೂ ಓಡಾಡುತ್ತಿದೆ: 8 ಜಿಬಿಯದ್ದು ತಗೋ, ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು 8 ಹಾಕಿಸಿಕೋ. ಒಂದು ಕಾಲಕ್ಕೆ ಅದು ಒಳ್ಳೆ ಲೆಕ್ಕಾಚಾರವೇ ಆಗಿತ್ತು. ಆದರೆ ಮೆಮೊರಿ ಮಾಡುವ ಕಂಪನಿಗಳು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿದ ಮೇಲೆ, 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಹಾಗಾಗಿ 16 ಜಿಬಿ ಇರುವುದನ್ನೇ ತಗೊಳ್ಳಿ. ಆ 16 ಒಂದೇ ಸ್ಟಿಕ್ ಆಗಿದ್ದರೆ ಗೇಮ್ ಸ್ವಲ್ಪ ಕುಂಟುತ್ತದೆ, 8ರ ಎರಡು ಸ್ಟಿಕ್ ಇದ್ದರೆ ಒಳ್ಳೆಯದು. ಎಸ್‌ಎಸ್‌ಡಿ 512 ಜಿಬಿ ಇದ್ದರೆ ಶುರು ಮಾಡಬಹುದು. ಕೆಲವು ಗೇಮ್ ಒಂದೊಂದೇ 100 ಜಿಬಿ ದಾಟುತ್ತವೆ, ಅದಕ್ಕೆ ಇನ್ನೊಂದು ಎಸ್‌ಎಸ್‌ಡಿ ಹಾಕಲು ಜಾಗ ಇದೆಯಾ ಅಂತ ಕೇಳಿಟ್ಟುಕೊಳ್ಳಿ.

ನನ್ನನ್ನು ಕೇಳಿದರೆ ಅತಿ ಕೆಟ್ಟ ಕತ್ತರಿ ಬೀಳುವುದು ಪರದೆಯ ಮೇಲೆ. ಜಾಹೀರಾತಿನಲ್ಲಿ 144 ಹರ್ಟ್ಸ್ ಅಂತ ದಪ್ಪಕ್ಷರ. ಕೆಳಗೆ ಸಣ್ಣಕ್ಷರದಲ್ಲಿ 45 ಶೇಕಡಾ ಎನ್‌ಟಿಎಸ್‌ಸಿ, 250 ನಿಟ್ಸ್. ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವ ಲೆಕ್ಕ, ಎನ್‌ಟಿಎಸ್‌ಸಿ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಅಳತೆ, ನಿಟ್ಸ್ ಬೆಳಕಿನ ಅಳತೆ. ಅಂದರೆ ಚಿತ್ರ ನುಣ್ಣಗೆ ಓಡುತ್ತದೆ, ಬಣ್ಣ ಮಾತ್ರ ಇರುವುದಿಲ್ಲ. ಪರೀಕ್ಷೆ ಮಾಡುವುದು ಸುಲಭ. ನಿಮ್ಮ ಫೋನಿನಲ್ಲಿರುವ ಒಂದು ಮದುವೆ ಫೋಟೋ ಲ್ಯಾಪ್‌ಟಾಪ್‌ನಲ್ಲೂ ತೆರೆದು ಪಕ್ಕಪಕ್ಕ ಹಿಡಿಯಿರಿ. ಫೋನಿನಲ್ಲಿ ಕಡುಗೆಂಪಾಗಿರುವ ರೇಷ್ಮೆ ಸೀರೆ ಇಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಜರಿ ಯಾವುದು ಅಂಚು ಯಾವುದು ಗೊತ್ತಾಗದಿದ್ದರೆ ಅದು ಅಗ್ಗದ ಪರದೆ. ಕಿಟಕಿ ಪಕ್ಕ ಕೂತು ನೋಟ್ಸ್ ಓದುವಾಗಲೂ ಕಣ್ಣು ಕಿರಿದು ಮಾಡಬೇಕಾಗುತ್ತದೆ. 100 ಶೇಕಡಾ ಎಸ್‌ಆರ್‌ಜಿಬಿ (ಇದೂ ಬಣ್ಣದ ಅಳತೆಯೇ), ಕನಿಷ್ಠ 300 ನಿಟ್ಸ್ ಅಂತ ಬರೆದಿರುವುದನ್ನು ಹುಡುಕಿ. ಏನೂ ಬರೆದಿಲ್ಲವಾ? ಹಾಗಾದರೆ ಕಡಿಮೆಯದ್ದೇ ಅಂತ ತಿಳಿದುಕೊಳ್ಳಿ, ಒಳ್ಳೇ ಪರದೆ ಹಾಕಿದವರು ಬಾಯಿ ಮುಚ್ಚಿಕೊಂಡು ಇರುವುದಿಲ್ಲ. ಹೊಸ ಪರದೆ ಹಾಕಿಸುವ ಖರ್ಚು ಕೇಳಿದರೆ ಆಮೇಲೆ ಸರಿ ಮಾಡಿಸೋಣ ಅನ್ನುವ ಯೋಚನೆಯೇ ಬಿಟ್ಟುಹೋಗುತ್ತದೆ.

ಹಾಸ್ಟೆಲ್ ಅಂದಿರಿ. ಇಂಥ ಲ್ಯಾಪ್‌ಟಾಪ್ ಸುಮಾರು ಎರಡೂಕಾಲು ಕಿಲೋ ತೂಗುತ್ತದೆ, ಚಾರ್ಜರ್ ತೂಕ ಬೇರೆ. ಬ್ಯಾಟರಿ 57 ವ್ಯಾಟ್ ಅವರ್ ಇದೆ, ಬ್ರೌಸರ್ ಮತ್ತು ಕೋಡಿಂಗ್‌ಗೆ 15 ವ್ಯಾಟ್ ಖರ್ಚಾಗುತ್ತದೆ ಅಂದುಕೊಂಡರೆ ನಾಲ್ಕು ಗಂಟೆಯೂ ಬರುವುದಿಲ್ಲ. ಬ್ಯಾಟರಿಯಲ್ಲಿ ಗೇಮ್ ಆಡುವ ಆಸೆ ಬಿಡಿ, ಆಗ ಕಾರ್ಡಿಗೆ ಸಿಗುವ ಕರೆಂಟೇ ಕಡಿಮೆ. ಕೆಲವು ಲ್ಯಾಪ್‌ಟಾಪ್‌ಗಳು ಟೈಪ್-ಸಿ ಚಾರ್ಜರಿನಲ್ಲೂ ಚಾರ್ಜ್ ಆಗುತ್ತವೆ. ಕ್ಲಾಸಿಗೆ ಇಟ್ಟಿಗೆಯಂಥ ದೊಡ್ಡ ಚಾರ್ಜರ್ ಹೊರುವುದು ತಪ್ಪುತ್ತದೆ, ಆದ್ದರಿಂದ ಅದನ್ನೂ ವಿಚಾರಿಸಿ. ರಾತ್ರಿ ಒಂದು ಗಂಟೆಗೆ ಫ್ಯಾನ್ ಬೊಬ್ಬೆ ಹೊಡೆದಾಗ ರೂಮ್‌ಮೇಟ್ ಏನು ಬೈಯುತ್ತಾನೆ ಅನ್ನುವುದು ನಿಮಗೆ ಬಿಟ್ಟದ್ದು. ಹಾಸಿಗೆ ಮೇಲಿಟ್ಟು ಮಾತ್ರ ಆಡಬೇಡಿ, ಗಾಳಿ ಎಳೆದುಕೊಳ್ಳುವ ತೂತುಗಳು ಇರುವುದು ಅಡಿಯಲ್ಲಿ.

ವಾರಂಟಿ ಆನ್‌ಸೈಟ್ ಇದೆಯಾ, ಇದ್ದರೆ ನಿಮ್ಮ ಕಾಲೇಜಿರುವ ಊರಿಗೆ ಬರುತ್ತಾರಾ ಅಂತ ಪಿನ್‌ಕೋಡ್ ಕೊಟ್ಟು ಕೇಳಿ. ಬೆಂಗಳೂರಲ್ಲಿ ಸಿಗುವ ಸರ್ವಿಸ್ ಎಲ್ಲ ಕಡೆ ಸಿಗುವುದಿಲ್ಲ. ಕಂಪನಿಯದೇ ವಾರಂಟಿ ವಿಸ್ತರಣೆ ಬೇರೆ, ಬಿಲ್ ಮಾಡುವಾಗ ಕಣ್ಣಿಗೆ ತೋರಿಸುವ ಇನ್ಯಾರದೋ ಪ್ಲಾನ್ ಬೇರೆ.

ಹಾಗಾದರೆ ನೀವು ಹುಡುಕಬೇಕಾದದ್ದು ಜಾಸ್ತಿ ವ್ಯಾಟ್‌ನ 6 ಜಿಬಿ 3050, 16 ಜಿಬಿ ರ‍್ಯಾಮ್, ಪೂರ್ತಿ ಬಣ್ಣದ ಪರದೆ. ಹಬ್ಬದ ಸೇಲ್‌ನಲ್ಲಿ 4050 ಬಜೆಟ್ಟಿಗೆ ಇಳಿದರೆ ಅದೇ ಇರಲಿ, ಆದರೆ ಪರದೆ ಕೆಟ್ಟದಾಗಿದ್ದರೆ ನಾನಂತೂ ಒಳ್ಳೇ ಪರದೆಯ 3050 ಕಡೆಗೇ ಹೋಗುತ್ತೇನೆ. ಅವಸರವೂ ಬೇಡ. ಮೊದಲ ವರ್ಷ ಹೇಗೂ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಓಡಾಟ, ಕೋಡಿಂಗ್ ಲ್ಯಾಬಿಗೆ ಕಾಲೇಜಿನ ಕಂಪ್ಯೂಟರ್ ಇರುತ್ತದೆ. ದಸರಾ, ದೀಪಾವಳಿವರೆಗೆ ಕಾದರೆ ಏನೂ ಮುಳುಗಿಹೋಗುವುದಿಲ್ಲ.

ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬ ಬಿಚ್ಚುವುದನ್ನು ವಿಡಿಯೋ ಮಾಡಿ. ಆನ್ ಮಾಡಿದ ದಿನವೇ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಒತ್ತಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ನೋಡಿ, ಎನ್ವಿಡಿಯಾ ಪ್ಯಾನೆಲ್‌ನಲ್ಲಿ ವ್ಯಾಟ್ ನೋಡಿ, ಮದುವೆ ಫೋಟೋ ತೆರೆಯಿರಿ. ಹೇಳಿದ್ದೇ ಒಂದು ಬಂದಿದ್ದೇ ಒಂದು ಆಗಿದ್ದರೆ, ಗೇಮ್ ಡೌನ್‌ಲೋಡ್‌ಗೆ ಹಾಕುವ ಮೊದಲೇ, ರಿಟರ್ನ್ ಅವಧಿ ಮುಗಿಯುವುದರೊಳಗೆ ವಾಪಸ್ ಕಳಿಸಿ.